ಹೆಪ್ಪು

ಮೊದಲೇ ಹೇಳಿಬಿಡ್ತೀವಿ, ಈ ಬರಹದಲ್ಲಿ ‘ನಾವು’ ಅಂದ್ರೆ ಇಬ್ಬರು. ಒಬ್ಬರು ಇದನ್ನು ಟೈಪ್ ಮಾಡ್ತಿರೋ ಸೆಕೆಂಡ್ ಇಯರ್ ಮೆಕ್ಯಾನಿಕಲ್, ಇನ್ನೊಬ್ಬಳು ಊರಲ್ಲಿ ಪಿಯುಸಿ ಓದ್ತಿರೋ ತಂಗಿ. ಬರೆಯೋರು ಒಬ್ಬರೇ ಆದ್ರೂ ತಪ್ಪು ಮಾಡಿದ್ದು ಇಬ್ಬರೂ ಸೇರಿ. ‘ನಾನು’ ಅಂತ ಬರೆದರೆ ಅರ್ಧ ಸುಳ್ಳಾಗುತ್ತೆ. ಇಬ್ಬರದೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಅಲ್ಪಪ್ರಾಣ ಮಹಾಪ್ರಾಣ ತಪ್ಪಿದ್ದರೆ ಕನ್ನಡ ಸಂಘದ ಗೆಳೆಯರು ತಿದ್ದಿಕೊಳ್ಳಲಿ.

ನಮ್ಮಮ್ಮನ ಎದೆಯಲ್ಲಿ ಒಂದು ಶಬ್ದ ಇದೆ. ರಾತ್ರಿ ಟಿವಿ ಆಫ್ ಆಗಿ, ಬೀದಿ ನಾಯಿಗಳೂ ಸುಮ್ಮನಾದ ಮೇಲೆ ಕೇಳಿಸುತ್ತೆ. ಟಿಕ್, ಟಿಕ್, ಟಿಕ್. ಗೋಡೆ ಗಡಿಯಾರಕ್ಕಿಂತ ಸ್ವಲ್ಪ ಬೇಗ. ನೆಂಟರು ಬಂದು ಉಳಿದುಕೊಂಡ್ರೆ, “ನಿಮ್ಮನೆ ಗಡಿಯಾರ ಏನು ಇಷ್ಟು ಜೋರು?” ಅಂತಾರೆ. “ಅದಕ್ಕೆ ಸೆಲ್ ಹಾಕಂಗಿಲ್ಲ, ದಿನಾ ಮಾತ್ರೆ ಹಾಕ್ಬೇಕು” ಅಂತ ಅಪ್ಪ ನಗ್ತಾರೆ. ಚಿಕ್ಕವರಿದ್ದಾಗ ನಾವು ಆ ಶಬ್ದ ಎಣಿಸ್ತಾ ನಿದ್ದೆ ಮಾಡ್ತಿದ್ವಿ. ಇಬ್ಬರಲ್ಲಿ ಯಾರೂ ನೂರು ದಾಟಿದ ನೆನಪಿಲ್ಲ.

ಅಮ್ಮನ ಹೃದಯದ ಎಡಭಾಗದಲ್ಲಿರೋ ಮೈಟ್ರಲ್ ಕವಾಟ ಹುಟ್ಟಿನಿಂದ ಬಂದದ್ದಲ್ಲ, ಕಾರ್ಬನ್ನಿನದು. ಒಂದು ಉಂಗುರ, ಅದರೊಳಗೆ ಅರ್ಧಚಂದ್ರದ ಹಾಗಿರೋ ಎರಡು ಎಲೆ. ಎರಡೂ ಸಣ್ಣ ಕೀಲಿನ ಮೇಲೆ ಬಾಗಿಲ ಹಾಗೆ ತೆರೆದು ಮುಚ್ಚುತ್ತವೆ, ದಿನಕ್ಕೆ ಸುಮಾರು ಒಂದು ಲಕ್ಷ ಸಲ. ಮುಚ್ಚಿದಾಗ ಬರೋದೇ ಆ ಟಿಕ್. ಅಮ್ಮ ಸ್ಕೂಲಿಗೆ ಹೋಗ್ತಿದ್ದ ಕಾಲದಲ್ಲಿ ಗಂಟಲುನೋವು ಬಂದು, ಆಮೇಲೆ ಜ್ವರ, ಕೀಲುನೋವು ಆಗಿತ್ತಂತೆ. ಗಂಟಲಿಗೆ ಬಂದದ್ದು ಸ್ಟ್ರೆಪ್ಟೊಕಾಕಸ್ ಅನ್ನೋ ಬ್ಯಾಕ್ಟೀರಿಯಾ. ಅದರ ಮೇಲೆ ಮೈ ಹೂಡಿದ ಯುದ್ಧ ಕೆಲವರಲ್ಲಿ ಹೃದಯದ ಕವಾಟವನ್ನೇ ಹಾಳು ಮಾಡುತ್ತೆ. ಹಾಳಾಗಿದ್ದು ಗೊತ್ತಾಗೋ ಹೊತ್ತಿಗೆ ಅಮ್ಮನಿಗೆ ನಾವಿಬ್ಬರೂ ಹುಟ್ಟಿದ್ವಿ. ನಾವು ನಾಲ್ಕನೇ ಕ್ಲಾಸು, ಒಂದನೇ ಕ್ಲಾಸಲ್ಲಿದ್ದಾಗ ಬೆಂಗಳೂರಿನಲ್ಲಿ ಆಪರೇಷನ್ ಆಯ್ತು.

ಅಂದಿನಿಂದ ರಾತ್ರಿ ಎಂಟಕ್ಕೆ ವಾರ್ಫರಿನ್ ಮಾತ್ರೆ. ತಿಂಗಳಿಗೊಮ್ಮೆ ಅರಸೀಕೆರೆಗೆ ಹೋಗಿ ನೀಲಿ ಮುಚ್ಚಳದ ಟ್ಯೂಬಿಗೆ ರಕ್ತ ಕೊಟ್ಟು ಬರಬೇಕು. ಆ ಟ್ಯೂಬಿನಲ್ಲಿ ಮೊದಲೇ ಸ್ವಲ್ಪ ಸಿಟ್ರೇಟ್ ಇರುತ್ತೆ. ಅದು ರಕ್ತದ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳೋದರಿಂದ ಟ್ಯೂಬಿನಲ್ಲಿ ರಕ್ತ ಗಟ್ಟಿಯಾಗಲ್ಲ. ಲ್ಯಾಬಿನಲ್ಲಿ ರಕ್ತದ ತಿಳಿಯನ್ನು ಬೇರೆ ಮಾಡಿ, ಕ್ಯಾಲ್ಸಿಯಂ ವಾಪಸ್ ಕೊಟ್ಟು, ಹೆಪ್ಪುಗಟ್ಟೋಕೆ ಚಾಲನೆ ಕೊಡೋ ವಸ್ತು ಸೇರಿಸಿ, ಎಷ್ಟು ಸೆಕೆಂಡಿಗೆ ಗಟ್ಟಿಯಾಯ್ತು ಅಂತ ನೋಡ್ತಾರೆ. ಈ ಮಾತ್ರೆ ತಗೊಳ್ಳದವರಿಗೆ ಸುಮಾರು 11ರಿಂದ 13 ಸೆಕೆಂಡು. ಅದನ್ನೇ ಎಲ್ಲಾ ಲ್ಯಾಬಿಗೂ ಹೊಂದೋ ಹಾಗೆ ಲೆಕ್ಕ ಹಾಕಿದ ಅಂಕಿ ಐಎನ್‌ಆರ್. ನಮಗೆ ನಿಮಗೆ ಅದು 1ರ ಹತ್ತಿರ ಇರುತ್ತೆ. ಅಮ್ಮನದು 2.5ರಿಂದ 3.5ರ ಒಳಗೆ ಇರಬೇಕು. ಕೆಳಗಿಳಿದರೆ ಕವಾಟದ ಮೇಲೆ ಹೆಪ್ಪು, ಮೇಲೇರಿದರೆ ರಕ್ತಸ್ರಾವ.

ಇದೆಲ್ಲ ನಮಗೆ ಈಗ ಗೊತ್ತು. ಆಗ ಗೊತ್ತಿದ್ದದ್ದು ಎರಡೇ ಪದ, ಬ್ಲಡ್ ಥಿನ್ನರ್. ಪೇಂಟಿಗೆ ಥಿನ್ನರ್ ಹಾಕ್ತಾರಲ್ಲ, ಹಾಗೆ. ಅಜ್ಜಿಗೆ ನಾವೇ “ರಕ್ತ ತೆಳು ಮಾಡೋ ಮಾತ್ರೆ” ಅಂತ ಅನುವಾದ ಮಾಡಿ ಹೇಳಿದ್ವಿ. ಅಜ್ಜಿ ಅದನ್ನ “ರಕ್ತ ನೀರಾಗೋ ಮಾತ್ರೆ” ಮಾಡಿಕೊಂಡ್ರು. “ರಕ್ತ ನೀರಾದ್ರೆ ಮೈಯಲ್ಲಿ ಶಕ್ತಿ ಎಲ್ಲಿಂದ ಬರ್ತದೆ?” ಅಂತ ಹತ್ತು ವರ್ಷದಿಂದ ಕೇಳ್ತಾನೇ ಇದಾರೆ. ಸೊಪ್ಪಿನಲ್ಲಿ ವಿಟಮಿನ್ ಕೆ ಇರುತ್ತೆ, ಅದು ಈ ಮಾತ್ರೆಗೆ ಆಗಲ್ಲ ಅಂತ ಯಾರೋ ಹೇಳಿದ್ದಕ್ಕೆ ನಮ್ಮನೇಲಿ ಮಸ್ಸೊಪ್ಪು, ಬಸ್ಸಾರು ಎಲ್ಲ ಬಂದ್ ಆಗಿತ್ತು.

ಕಳೆದ ದಸರಾ ರಜೆಗೆ ಊರಿಗೆ ಹೋದಾಗ ಅಮ್ಮನ ಕೆನ್ನೆ ಊದಿತ್ತು. ದವಡೆ ಹಲ್ಲು. ಹಲ್ಲಿನ ಡಾಕ್ಟರು ನೋಡಿ, ಕೀಳಲೇಬೇಕು ಅಂದ್ರು. ಹೃದಯದ ಮಾತ್ರೆ ವಿಷಯ ಹೇಳಿದ್ವಿ. “ಹಾಗಾದ್ರೆ ನಿಮ್ಮ ಹಾರ್ಟ್ ಡಾಕ್ಟರನ್ನ ಕೇಳ್ಕೊಂಡು ಬನ್ನಿ, ಅವರು ಹೇಳಿದ ಹಾಗೆ ಮಾಡೋಣ” ಅಂದ್ರು. ಸರಿಯಾದ ಮಾತು. ಬೆಂಗಳೂರಿನ ಆಸ್ಪತ್ರೆಗೆ ಒಂದು ಸಲ ಫೋನ್ ಮಾಡಿದ್ವಿ. ಎಂಗೇಜ್ ಬಂತು. ಎರಡನೇ ಸಲ ಮಾಡಲಿಲ್ಲ.

ಅದರ ಬದಲು ಫೋನಿನಲ್ಲಿ ಹುಡುಕಿದ್ವಿ. ಆಪರೇಷನ್‌ಗೆ ಐದು ದಿನ ಮುಂಚೆ ವಾರ್ಫರಿನ್ ನಿಲ್ಲಿಸ್ತಾರೆ ಅಂತ ಎಲ್ಲೋ ಸಿಕ್ಕಿತು. ಅದರ ಕೆಳಗೆ, ಲೋಹದ್ದೋ ಕಾರ್ಬನ್ನಿನದೋ ಕವಾಟ ಇರೋರ ಬಗ್ಗೆ ಬೇರೆ ಪ್ಯಾರಾ ಇತ್ತು. ಉದ್ದ ಇತ್ತು, ಓದಲಿಲ್ಲ. ಆ ಸೆಮಿಸ್ಟರಿನಲ್ಲೇ ನಮಗೆ ಫ್ಲೂಯಿಡ್ ಮೆಕ್ಯಾನಿಕ್ಸ್ ಶುರುವಾಗಿತ್ತು. ವಿಸ್ಕಾಸಿಟಿ ಅಂದ್ರೆ ಏನು ಅಂತ ಇಂಟರ್ನಲ್ಸ್‌ನಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ವಿ. “ಐದು ದಿನ ಬಿಟ್ರೆ ನಿನ್ನ ರಕ್ತ ನಮ್ಮ ರಕ್ತದ ಥರ ನಾರ್ಮಲ್ ಆಗುತ್ತೆ ಅಷ್ಟೇ ಅಮ್ಮ, ಅದರಲ್ಲಿ ಏನು ಭಯ?” ಅಂದ್ವಿ. ನಾರ್ಮಲ್ ಅನ್ನೋ ಪದ ಎಷ್ಟು ಸಮಾಧಾನವಾಗಿ ಕೇಳಿಸುತ್ತೆ!

ಐದು ದಿನ ಆದ ಮೇಲೆ ಹಲ್ಲಿನ ಡಾಕ್ಟರು ಕೇಳಿದ್ರು, “ಹಾರ್ಟ್ ಡಾಕ್ಟರನ್ನ ಕೇಳಿದ್ರಾ?”

“ಕೇಳಿದ್ವಿ ಸಾರ್” ಅಂದ್ವಿ. ಇಬ್ಬರೂ, ಒಟ್ಟಿಗೆ.

ಹಲ್ಲು ಕಿತ್ತರು. ರಾತ್ರಿ ಸ್ವಲ್ಪ ರಕ್ತ ಜಿನುಗಿತು, ಬೆಳಗಾಗೋ ಹೊತ್ತಿಗೆ ನಿಂತಿತು. ಆ ಸ್ವಲ್ಪ ರಕ್ತ ನೋಡಿ ಅಮ್ಮನಿಗೆ ಹೆದರಿಕೆ ಆಯ್ತು. ಮಾತ್ರೆ ತಗೊಂಡ್ರೆ ಮತ್ತೆ ಸೋರುತ್ತೆ ಅಂತ, ಗಾಯ ಪೂರ್ತಿ ಮಾಯಲಿ ಅಂತ ಮುಂದೂಡಿದ್ರು. ನಮ್ಮಲ್ಲಿ ಒಬ್ಬರು ಕಾಲೇಜಿಗೆ ವಾಪಸ್, ಇನ್ನೊಬ್ಬಳು ಟ್ಯೂಷನ್ನಿನಲ್ಲಿ. ಫೋನಲ್ಲಿ “ಮಾತ್ರೆ ಶುರು ಮಾಡಿದ್ಯಾ ಅಮ್ಮ?” ಅಂದ್ರೆ “ಹೂಂ, ಮಾಡ್ತೀನಿ” ಅಂತಿದ್ರು. ‘ಮಾಡ್ದೆ’ಗೂ ‘ಮಾಡ್ತೀನಿ’ಗೂ ಇರೋ ವ್ಯತ್ಯಾಸ ನಾವು ಗಮನಿಸಲಿಲ್ಲ.

ದೀಪಾವಳಿಗೆ ಮತ್ತೆ ಇಬ್ಬರೂ ಮನೇಲಿ. ಅಮ್ಮ ಎರಡು ಬಿಂದಿಗೆ ನೀರು ತಂದು ಕಟ್ಟೆ ಮೇಲೆ ಕೂತು ಏದುಸಿರು ಬಿಡ್ತಿದ್ರು. ಹಬ್ಬದ ಕೆಲಸ ಜಾಸ್ತಿಯಾಯ್ತು ಅಂದ್ರು. ರಾತ್ರಿ ತಲೆಗೆ ಎರಡು ದಿಂಬು ಇಟ್ಟುಕೊಂಡ್ರು. ಪಟಾಕಿ ಸದ್ದೆಲ್ಲ ಅಡಗಿದ ಮೇಲೆ ತಂಗಿ ಎದ್ದು ಬಂದು ಪಿಸುಗುಟ್ಟಿದಳು, “ಅಮ್ಮನ ಸೌಂಡ್ ಕೇಳಿಸ್ತಿದ್ಯಾ?”

ಕೇಳಿಸ್ತಿರಲಿಲ್ಲ. ಫ್ಯಾನ್ ಆಫ್ ಮಾಡಿದ್ವಿ. ಆದ್ರೂ ಇಲ್ಲ. ನಿದ್ದೆ ಮಾಡ್ತಿದ್ದ ಅಮ್ಮನ ಬೆನ್ನಿಗೆ ಕಿವಿ ಇಟ್ಟಾಗ ದೂರದಲ್ಲಿ ಯಾರೋ ಗೋಣಿಚೀಲಕ್ಕೆ ಗುದ್ದಿದ ಹಾಗೆ ಮಂದವಾದ ಶಬ್ದ. ಟಿಕ್ ಅನ್ನೋದು ಇರಲಿಲ್ಲ. ಗೋಡೆ ಗಡಿಯಾರ ಮಾತ್ರ ಓಡ್ತಿತ್ತು. ಅಪ್ಪನನ್ನ ಎಬ್ಬಿಸಿದ್ವಿ. ಪಕ್ಕದ ಮನೆಯವರ ಕಾರಿನಲ್ಲಿ ಅಮ್ಮನ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಆ ರಾತ್ರಿಯೇ ಬೆಂಗಳೂರಿಗೆ ಹೊರಟ್ವಿ. ದಾರಿಯುದ್ದಕ್ಕೂ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆಸ್ಪತ್ರೆಯಲ್ಲಿ ಐಎನ್‌ಆರ್ 1.1 ಬಂತು. ನಾವು ಮಾತು ಕೊಟ್ಟ ಹಾಗೆ, ನಾರ್ಮಲ್. ಎಕ್ಸ್‌ರೇ ವಿಡಿಯೋದಲ್ಲಿ ಡಾಕ್ಟರ್ ಮೇಡಂ ತೋರಿಸಿದ್ರು: ಕವಾಟದ ಒಂದು ಎಲೆ ತೆರೆದು ಮುಚ್ಚುತ್ತಿತ್ತು, ಇನ್ನೊಂದು ಅಲ್ಲಾಡದೆ ನಿಂತಿತ್ತು. ಕೀಲಿನ ಹತ್ತಿರ ಹೆಪ್ಪು ಕಟ್ಟಿತ್ತು. ಅಷ್ಟರಲ್ಲಿ ಇನ್ನೊಬ್ಬರು ಬಂದು ಸ್ಟ್ರೆಪ್ಟೊಕೈನೇಸ್ ಶುರು ಮಾಡಿದ್ರು. ಮೊದಲ ಅರ್ಧ ಗಂಟೆಯಲ್ಲಿ ಎರಡೂವರೆ ಲಕ್ಷ ಯೂನಿಟ್, ಆಮೇಲೆ ಗಂಟೆಗೆ ಒಂದು ಲಕ್ಷ. ಕರಗಿದರೆ ಸರಿ, ಇಲ್ಲದಿದ್ರೆ ಮತ್ತೆ ಎದೆ ತೆರೆಯಬೇಕಾಗಬಹುದು ಅಂತ ಅಪ್ಪನ ಸಹಿ ತಗೊಂಡ್ರು. ಹೆಪ್ಪು ಕರಗುವಾಗ ತುಂಡು ಮಿದುಳಿಗೆ ಹೋಗೋ ಅಪಾಯವೂ ಇದೆ ಅಂದ್ರು.

“ರಕ್ತ ದಪ್ಪ ಆಗಿಬಿಟ್ಟಿತಾ ಮೇಡಂ?” ಅಂತ ಕೇಳಿದ್ವಿ.

“ದಪ್ಪ ಅಲ್ಲಪ್ಪ. ಈ ಮಾತ್ರೆ ರಕ್ತವನ್ನ ತೆಳು ಮಾಡೋದೇ ಇಲ್ಲ. ಮನೇಲಿ ಹಾಲಿಗೆ ಹೆಪ್ಪು ಹಾಕೋದು ನೋಡಿಲ್ವಾ?” ಅಂದ್ರು ಅವರು. ಎಕ್ಸ್‌ರೇ ಇಟ್ಟುಕೊಂಡೇ, ನಾಲ್ಕು ನಿಮಿಷದಲ್ಲಿ ಹೇಳಿದ್ರು. ಉಳಿದದ್ದನ್ನು ನಾವು ಆಮೇಲೆ ಓದಿಕೊಂಡ್ವಿ.

ಹಾಲಿಗೆ ಒಂದು ಚಮಚ ಹುಳಿಮೊಸರು ಬಿಟ್ಟಾಗ ಹೊರಗಿನಿಂದ ಗಟ್ಟಿ ವಸ್ತು ಏನೂ ಬರಲ್ಲ. ಹಾಲಿನಲ್ಲಿ ಮೊದಲಿನಿಂದಲೂ ತೇಲಾಡಿಕೊಂಡಿದ್ದ ಕೇಸಿನ್ ಅನ್ನೋ ಪ್ರೋಟೀನಿನ ಕಣಗಳೇ, ಬ್ಯಾಕ್ಟೀರಿಯಾ ಮಾಡಿದ ಹುಳಿ ತಾಗಿ ಒಂದಕ್ಕೊಂದು ಅಂಟಿ ಬಲೆಯಾಗ್ತವೆ. ನೀರು ಬಲೆಯೊಳಗೆ ಸಿಕ್ಕಿಕೊಳ್ಳುತ್ತೆ. ಅದೇ ಮೊಸರು. ರಕ್ತದಲ್ಲೂ ಬಲೆಯ ಸಾಮಾನು ಮೊದಲೇ ಕರಗಿಕೊಂಡಿರುತ್ತೆ. ಅದರ ಹೆಸರು ಫೈಬ್ರಿನೋಜೆನ್, ಲೀಟರ್ ಪ್ಲಾಸ್ಮಾದಲ್ಲಿ 2ರಿಂದ 4 ಗ್ರಾಂ. ರಕ್ತನಾಳ ಹರಿದರೆ ಮೊದಲು ಪ್ಲೇಟ್‌ಲೆಟ್‌ಗಳು ಓಡಿಬಂದು ಅಂಟಿಕೊಳ್ತವೆ. ಅಷ್ಟರಲ್ಲಿ ಒಂದು ಪ್ರೋಟೀನು ಇನ್ನೊಂದನ್ನ, ಅದು ಮತ್ತೊಂದನ್ನ ಎಬ್ಬಿಸ್ತಾ ಕೊನೆಗೆ ಥ್ರಾಂಬಿನ್ ಅನ್ನೋ ಕತ್ತರಿ ಹುಟ್ಟುತ್ತೆ. ಅದು ಫೈಬ್ರಿನೋಜೆನ್ನಿನ ಚಿಕ್ಕ ಚಿಕ್ಕ ತುದಿಗಳನ್ನ ಕತ್ತರಿಸುತ್ತೆ. ತುದಿ ಹೋದ ತಕ್ಷಣ ಅವು ಒಂದಕ್ಕೊಂದು ಅಂಟಿ ಫೈಬ್ರಿನ್ ದಾರ ಆಗ್ತವೆ. ಇಲ್ಲಿ ಹುಳಿ ಮಾಡೋ ಕೆಲಸ ಇಲ್ಲ, ಅಷ್ಟು ವ್ಯತ್ಯಾಸ. ಆದ್ರೆ ಒಂದು ಹೋಲಿಕೆ ನಮಗೆ ಆಶ್ಚರ್ಯ ತಂದಿತು. ಮೊಸರಿನಿಂದ ಇನ್ನಷ್ಟು ಮೊಸರಾಗೋ ಹಾಗೆ, ಹುಟ್ಟಿದ ಸ್ವಲ್ಪ ಥ್ರಾಂಬಿನ್ ಇನ್ನಷ್ಟು ಥ್ರಾಂಬಿನ್ ಹುಟ್ಟಿಸುತ್ತೆ. ಅದಕ್ಕೇ ನಿಮಿಷಗಳಲ್ಲಿ ಕೆಲಸ ಮುಗಿಯುತ್ತೆ. ಇಡೀ ಮೈಯ ರಕ್ತ ಮೊಸರಾಗದ ಹಾಗೆ ತಡೆಯೋ ಬ್ರೇಕ್ ಪ್ರೋಟೀನುಗಳೂ ಇವೆ, ಹರಿವೂ ಹೆಚ್ಚಿನದನ್ನ ತೊಳೆದುಕೊಂಡು ಹೋಗುತ್ತೆ.

ವಾರ್ಫರಿನ್ ಮಾಡೋದು ಇಷ್ಟೇ. ಆ ಸಾಲಿನ ನಾಲ್ಕು ಪ್ರೋಟೀನುಗಳನ್ನ ಲಿವರ್ ಸರಿಯಾಗಿ ತಯಾರಿಸೋಕೆ ವಿಟಮಿನ್ ಕೆ ಬೇಕು. ಒಂದು ಸಲ ಬಳಸಿದ ವಿಟಮಿನ್ ಕೆ ಮತ್ತೆ ಬಳಕೆಗೆ ಬರದ ಹಾಗೆ ಮಾತ್ರೆ ತಡೆಯುತ್ತೆ. ರಕ್ತ ಮೊದಲಿನಷ್ಟೇ ಮಂದ ಇರುತ್ತೆ, ನೀರಿಗಿಂತ ಮೂರು ನಾಲ್ಕು ಪಟ್ಟು. ವಿಸ್ಕಾಸಿಟಿ ಒಂದು ಚೂರೂ ತೆಳು ಆಗಲ್ಲ. ಹೆಪ್ಪಾಗೋದು ತಡ ಆಗುತ್ತೆ, ಅಷ್ಟೇ. ಜೇನುತುಪ್ಪ ಮಂದ ಇರುತ್ತೆ, ಹೆಪ್ಪಾಗಲ್ಲ. ಹಾಲು ತೆಳುವಾಗೇ ಇರುತ್ತೆ, ಹೆಪ್ಪಾಗುತ್ತೆ. ಮಂದ ಬೇರೆ, ಹೆಪ್ಪು ಬೇರೆ. ಇದು ನಮ್ಮ ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ತಗೊಂಡ ನಮ್ಮನ್ನ ಬಿಟ್ಟು.

ಆ ಬೆಳಗಿನ ಜಾವ ಕಾರಿಡಾರಿನಲ್ಲಿ ಕೂತು ತಂಗಿ ತನ್ನ ಬಯಾಲಜಿ ಪುಸ್ತಕದ ನೆನಪಿನಿಂದ ಕೇಳಿದಳು, “ಸ್ಟ್ರೆಪ್ಟೊಕೈನೇಸ್ ಅಂದ್ರೆ ಸ್ಟ್ರೆಪ್ಟೊಕಾಕಸ್‌ನಿಂದ ತೆಗೆಯೋದಲ್ವಾ?” ಹೌದು. ಅಮೆರಿಕದ ವಿಲಿಯಂ ಟಿಲೆಟ್ 1933ರಲ್ಲಿ ಇದರ ಬಗ್ಗೆ ಬರೆದದ್ದು. ಈ ಜಾತಿಯ ಬ್ಯಾಕ್ಟೀರಿಯಾ ಬೆಳೆಸಿದ ದ್ರವದಲ್ಲಿ ಫೈಬ್ರಿನ್ ಬಲೆ ಕರಗುತ್ತೆ ಅಂತ. ನಮ್ಮ ಮೈಯಲ್ಲೇ ನಿದ್ದೆ ಮಾಡ್ತಿರೋ ಬಲೆ ಕತ್ತರಿಸೋ ಪ್ರೋಟೀನನ್ನ ಅದು ಎಬ್ಬಿಸುತ್ತೆ. ಚಿಕ್ಕಂದಿನಲ್ಲಿ ಅಮ್ಮನ ಕವಾಟ ಕೆಡಿಸಿದ ಕುಲದ ಬ್ಯಾಕ್ಟೀರಿಯಾದಿಂದ ಬಂದ ಔಷಧಿ ಈಗ ಅಮ್ಮನ ಕೈಗೆ ಇಳೀತಿತ್ತು. ಆದ್ರೆ ಔಷಧಿಗೆ ಯಾವ ಹೆಪ್ಪು ಬೇಕು, ಯಾವುದು ಬೇಡ ಅಂತ ಗೊತ್ತಾಗಲ್ಲ. ಸೂಜಿ ಚುಚ್ಚಿದ ಕಡೆಯೆಲ್ಲ ರಕ್ತ ಜಿನುಗ್ತಾ, ನರ್ಸ್ ಅಕ್ಕ ಒಂದರ ಮೇಲೊಂದು ಹತ್ತಿ ಒತ್ತಿ ಹಿಡೀತಿದ್ರು.

ಬೆಳಿಗ್ಗೆ ಒಬ್ಬೊಬ್ಬರನ್ನೇ ಒಳಗೆ ಬಿಟ್ರು. ಐಸಿಯುನಲ್ಲಿ ಮಾನಿಟರುಗಳ ಬೀಪ್ ಬೀಪ್ ಮಧ್ಯೆ ಏನೂ ಕೇಳಿಸಲ್ಲ. ಅಮ್ಮನ ಕೈ ಹಿಡಿದು ಬಗ್ಗಿ ಕಿವಿ ಕೊಟ್ಟಾಗ ಮಂದ ಶಬ್ದದ ಒಳಗೆ ಏನೋ ಚುರುಕಾಗಿ ಬಡಿದ ಹಾಗಾಯ್ತು. ಸಂಜೆಗೆ ಅದು ಸರಿಯಾದ ಟಿಕ್ ಆಗಿತ್ತು. ಮತ್ತೆ ವಿಡಿಯೋ ತೆಗೆದಾಗ ಎರಡೂ ಎಲೆ ಆಡ್ತಿದ್ವು. ಅಪ್ಪ ಹೊರಗೆ ಹೋಗಿ ಎರಡು ಸಲ ಕಾಫಿ ತಂದ್ರು, ಎರಡು ಸಲವೂ ಕುಡಿಯೋದು ಮರೆತ್ರು.

ವಾರ್ಡಿಗೆ ಬಂದ ಮೇಲೆ ಅಮ್ಮನಿಗೆ ನಾವೇ ಎಲ್ಲ ವಿವರಿಸಿದ್ವಿ, ಈ ಸಲ ಹೆಪ್ಪು ಅನ್ನೋ ಪದ ಇಟ್ಟುಕೊಂಡು. ಅಮ್ಮ ಪೂರ್ತಿ ಕೇಳಿ, “ಕೀಲಿನ ಮೂಲೇಲೇ ಯಾಕೆ ಕಟ್ತು? ಅಲ್ಲಿ ರಕ್ತ ಜಾಸ್ತಿ ಆಡಲ್ವೇನೋ. ಹೆಪ್ಪು ಹಾಕಿದ ಪಾತ್ರೆ ಅಲ್ಲಾಡಿಸಬಾರದು ಅಂತಾರಲ್ಲ, ಅಲ್ಲಾಡ್ತಾ ಇದ್ರೆ ಎಲ್ಲಿ ಕಟ್ತದೆ?” ಅಂದ್ರು. ನಮಗೆ ಬಾಯಿ ಕಟ್ಟಿತು. ರಕ್ತ ನಾಳದೊಳಗೇ ಹೆಪ್ಪುಗಟ್ಟೋಕೆ ಮೂರು ಕಾರಣ ಅಂತ 19ನೇ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ವಿರ್ಶೋ ಹೆಸರಿನಲ್ಲಿ ಇವತ್ತಿಗೂ ಕಲಿಸ್ತಾರೆ: ಹರಿವು ನಿಧಾನ ಆಗೋದು, ನಾಳದ ಒಳಗೋಡೆ ಕೆಡೋದು, ರಕ್ತದ ಗುಣವೇ ಬದಲಾಗೋದು. ಮೊದಲನೆಯದನ್ನ ಅಮ್ಮ ಮೊಸರಿನ ಪಾತ್ರೆಯಿಂದ ಕಂಡುಕೊಂಡ್ರು.

ಆಗ ಹೇಳಿದ್ವಿ. “ಅಮ್ಮ, ಹಲ್ಲಿನ ಡಾಕ್ಟ್ರ ಹತ್ರ ನಾವು ಸುಳ್ಳು ಹೇಳಿದ್ವಿ. ಹಾರ್ಟ್ ಡಾಕ್ಟರನ್ನ ಕೇಳಿರಲಿಲ್ಲ.”

ಅಮ್ಮ ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡಿದ್ರು. “ನೀವು ಫೋನ್ ಮಾಡಿದ್ದು ನಾನು ನೋಡೇ ಇರಲಿಲ್ಲ. ಆದ್ರೂ ಕೇಳಿರ್ತೀರಾ ಅಂದ್ಕೊಂಡೆ. ಇಂಗ್ಲಿಷಲ್ಲಿ ಓದ್ತಾ ಇದ್ರಲ್ಲ ಫೋನಲ್ಲಿ, ನಂಗೇನು ಗೊತ್ತಾಗ್ತದೆ ಅಂತ ಸುಮ್ನಾದೆ.” ಆಮೇಲೆ, “ನಾನೂ ಮಾತ್ರೆ ತಗೊಳ್ದೆ ತಗೊಂಡಿದೀನಿ ಅನ್ನೋ ಹಂಗೆ ಮಾತಾಡ್ದೆ. ಬಿಡ್ರೋ” ಅಂದ್ರು. ಬೈದಿದ್ರೆ ಚೆನ್ನಾಗಿತ್ತು. ಮಕ್ಕಳು ಓದಲಿ ಅಂತ ಮಾತ್ರೆ ದುಡ್ಡಿನ ಪಕ್ಕದಲ್ಲೇ ಸ್ಕೂಲ್ ಫೀಸ್ ಎತ್ತಿಡ್ತಿದ್ದವರು ಅಮ್ಮ. ಆ ಓದಿನ ಮೇಲಿದ್ದ ನಂಬಿಕೆಗೇ ಸುಮ್ಮನಾದ್ರು.

ಡಿಸ್ಚಾರ್ಜ್ ದಿನ ಡಾಕ್ಟರ್ ಮೇಡಂ ಹೇಳಿದ ಮಾತು ಇಲ್ಲೂ ಬರೀತೀವಿ, ಓದೋರ ಮನೇಲೂ ಇಂಥ ಕವಾಟ ಇರಬಹುದು. ಒಂದು ಹಲ್ಲು ಕೀಳೋಕೆ ಸಾಮಾನ್ಯವಾಗಿ ಈ ಮಾತ್ರೆ ನಿಲ್ಲಿಸೋದೇ ಬೇಕಾಗಲ್ಲ. ಐಎನ್‌ಆರ್ ನೋಡಿ, ಕಿತ್ತ ಜಾಗದಲ್ಲೇ ರಕ್ತ ನಿಲ್ಲಿಸೋ ಏರ್ಪಾಡು ಮಾಡ್ತಾರೆ. ಏನೇ ಆದ್ರೂ ನಿಲ್ಲಿಸೋದು, ಶುರು ಮಾಡೋದು ಹೃದಯದ ಡಾಕ್ಟರು ಹೇಳಿದ ಮೇಲೇ. ನೋವಿನ ಮಾತ್ರೆ, ನಾಟಿ ಔಷಧಿ ಯಾವುದನ್ನೂ ಕೇಳದೆ ತಗೊಳ್ಳಬಾರದು. ಸೊಪ್ಪು ಬಿಡೋದು ಬೇಡ, ವಾರಾವಾರ ಹೆಚ್ಚುಕಡಿಮೆ ಒಂದೇ ಅಳತೆ ತಿಂದ್ರೆ ಸಾಕು, ಅದಕ್ಕೆ ತಕ್ಕ ಹಾಗೆ ಮಾತ್ರೆ ಹೊಂದಿಸ್ತಾರೆ. ಟಿಕ್ ಶಬ್ದ ಮಂಕಾದ್ರೆ ಬೆಳಗಾಗಲಿ ಅಂತ ಕಾಯಬಾರದು.

ಕಾಲೇಜಿಗೆ ವಾಪಸ್ ಬಂದು ನಮ್ಮ ಸೆಮಿನಾರಿಗೆ ಇದೇ ವಿಷಯ ತಗೊಂಡ್ವಿ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಭಾರತದ್ದೇ ಕವಾಟ ಮಾಡಿದ ಕಥೆ ಅಲ್ಲಿ ಸಿಕ್ಕಿತು. ಅದರ ಮುಂದಾಳು ಡಾ. ಎಂ. ಎಸ್. ವಲಿಯತ್ತಾನ್, ಮುಂದೆ ನಮ್ಮ ಮಣಿಪಾಲದಲ್ಲಿ ಕುಲಪತಿಯಾಗಿದ್ದವರು. ಮೂರು ಮಾದರಿ ಸೋತು ನಾಲ್ಕನೆಯದು ಗೆದ್ದು, 1990ರ ಡಿಸೆಂಬರಿನಲ್ಲಿ ಮೊದಲ ಸಲ ರೋಗಿಗೆ ಹಾಕಿದ್ರು. ಅಷ್ಟೆಲ್ಲ ಮಾಡಿದ ಮೇಲೂ ಆ ಕವಾಟಕ್ಕೂ ಇದೇ ಥರದ ಮಾತ್ರೆ ಬೇಕು. ರಕ್ತಕ್ಕೆ ತನ್ನ ನಾಳದ ಗೋಡೆ ಬಿಟ್ಟು ಬೇರೆ ಏನು ತಾಗಿದ್ರೂ ಗಾಯ ಅಂತಲೇ ಲೆಕ್ಕ. ಅದರ ತಪ್ಪಲ್ಲ, ಅದು ಅದರ ಕೆಲಸ.

ಮಾತ್ರೆಯ ಕಥೆ ಇನ್ನೂ ಚೆನ್ನಾಗಿದೆ. 1933ರ ಚಳಿಗಾಲದಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಒಬ್ಬ ರೈತ, ಸತ್ತ ಹಸುವನ್ನೂ ಹಾಲಿನ ಕ್ಯಾನಿನಲ್ಲಿ ಹೆಪ್ಪಾಗದ ಅದರ ರಕ್ತವನ್ನೂ ತಗೊಂಡು ಕಾರ್ಲ್ ಪಾಲ್ ಲಿಂಕ್ ಅನ್ನೋ ರಸಾಯನ ವಿಜ್ಞಾನಿಯ ಲ್ಯಾಬಿಗೆ ಬಂದ. ಹಸು ತಿಂದದ್ದು ಕೆಟ್ಟ ಸ್ವೀಟ್ ಕ್ಲೋವರ್ ಹುಲ್ಲು. ಅದರಲ್ಲಿದ್ದ ವಸ್ತುವನ್ನ 1939ರಲ್ಲಿ ಬೇರೆ ಮಾಡಿದ್ರು. ಅದರ ಸಂಬಂಧಿಯೇ ವಾರ್ಫರಿನ್. 1948ರಲ್ಲಿ ಅದು ಮಾರುಕಟ್ಟೆಗೆ ಬಂದದ್ದು ಇಲಿ ಪಾಷಾಣವಾಗಿ. ಮನುಷ್ಯರಿಗೆ ಔಷಧಿ ಆದದ್ದು ಆಮೇಲೆ. ಇದೊಂದನ್ನ ಮಾತ್ರ ಅಮ್ಮನಿಗೆ ಇನ್ನೂ ಹೇಳಿಲ್ಲ. ಈ ಪತ್ರಿಕೆ ಓದಿ ಗೊತ್ತಾದ್ರೆ ಆಗಲಿ.

ಈಗ ನಮ್ಮನೇಲಿ ಭಾನುವಾರ, ಬುಧವಾರ ಮಸ್ಸೊಪ್ಪು. ಅಜ್ಜಿಗೆ ‘ಹೆಪ್ಪು ತಡ ಮಾಡೋ ಮಾತ್ರೆ’ ಅಂತ ಹೇಳಿಕೊಟ್ಟಿದೀವಿ. “ಇದನ್ನ ಮೊದಲೇ ಹೇಳಕ್ಕೇನಾಗಿತ್ತು?” ಅಂದ್ರು. ರಾತ್ರಿ ಎಂಟಕ್ಕೆ ಹಾಸ್ಟೆಲಿನಿಂದ ಫೋನ್ ಹೋಗುತ್ತೆ. “ತಗೊಂಡ್ಯಾ?” ಅಂತ ಕೇಳ್ತೀವಿ. “ತಗೊಂಡೆ” ಅಂತಾರೆ. ತಂಗಿ ಸುಮ್ಮನೆ ಫೋನ್ ಇಸ್ಕೊಂಡು ಅಮ್ಮನ ಎದೆ ಹತ್ತಿರ ಹಿಡೀತಾಳೆ. ಹಾಸ್ಟೆಲಿನ ಗಲಾಟೆಯಲ್ಲಿ ಕೇಳಿಸೋದೇ ಇಲ್ಲ. “ಕೇಳಿಸ್ತಾ?” ಅಂತಾಳೆ ಅವಳು. ಈ ವಿಷಯದಲ್ಲಿ ಇನ್ನೊಂದು ಸುಳ್ಳು ಬೇಡ ಅಂತ, “ಇಲ್ಲ, ತಡಿ” ಅಂದು ಮೆಟ್ಟಿಲು ಹತ್ತಿ ಟೆರೇಸಿಗೆ ಹೋಗ್ತೀವಿ.